ಓದುಗರ ಪ್ರಶ್ನೆ, ನಮ್ಮ ಉತ್ತರ: ರೇಸ್ ಕ್ವಾಡ್‌ನ ಕ್ರ್ಯಾಂಕ್ ಹೋದ ಮೇಲೆ

ಪ್ರಶ್ನೆ: ಊರು ಕುಂದಾಪುರ, ಕೆಲಸ ಶಾರ್ಜಾದ ಗ್ಯಾರೇಜಿನಲ್ಲಿ. ಮರಳುದಿಬ್ಬದಲ್ಲಿ ರೇಸ್ ಓಡಿಸುವ ಕ್ವಾಡ್ (ನಾಲ್ಕು ಚಕ್ರದ ಬೈಕ್) ಒಂದು ಬಂದಿದೆ: ಯಮಹಾ ಬ್ಯಾನ್‌ಶೀ 350, ಎರಡು ಸಿಲಿಂಡರಿನ ಟೂ ಸ್ಟ್ರೋಕ್. ಫುಲ್ ಥ್ರಾಟಲ್‌ನಲ್ಲಿ ಎಡಗಡೆಯ ಬಿಗ್ ಎಂಡ್ ಬೇರಿಂಗ್ (ರಾಡ್ ಕ್ರ್ಯಾಂಕ್‌ಗೆ ಸೇರುವ ಕೆಳತುದಿಯದು) ಪುಡಿಯಾಗಿ ಕನೆಕ್ಟಿಂಗ್ ರಾಡ್ ತುಂಡಾಗಿದೆ. ಬಲಗಡೆ ಚೆನ್ನಾಗಿದೆ. ಹೊಸ ಕ್ರ್ಯಾಂಕ್ ಮತ್ತು ಎಡಕ್ಕೊಂದು ಪಿಸ್ಟನ್ ಕಿಟ್ ಹಾಕಿದರೆ ಸಾಕೇ?

ಉತ್ತರ: ಸಾಲದು. ಕ್ರ್ಯಾಂಕ್ ಯಾಕೆ ಹೋಯಿತು ಎಂಬುದು ಗೊತ್ತಾಗದೆ ಹೊಸದು ಹಾಕಿದರೆ ಅದೂ ಹೋಗುತ್ತದೆ. ಬಿಚ್ಚಿದ ಭಾಗಗಳನ್ನು ತೊಳೆಯುವ ಮೊದಲೇ ಬೆಳಕಿಗೆ ಹಿಡಿದು ನೋಡಿ. ರಾಡ್‌ನ ಕೆಳತುದಿ ನೀಲಿಗಟ್ಟಿದ್ದರೆ ಎಣ್ಣೆ ಸಾಲದೆ ಕಾದಿದೆ. ಪಿಸ್ಟನ್‌ನ ಇನ್‌ಟೇಕ್ ಕಡೆಯ ಸ್ಕರ್ಟ್ ಹೊಳಪು ಕಳೆದುಕೊಂಡು ಉದ್ದುದ್ದ ಗೀರು ಬಿದ್ದಿದ್ದರೆ ಏರ್ ಫಿಲ್ಟರ್ ಮರಳು ಬಿಟ್ಟಿದೆ. ಪಿಸ್ಟನ್ ತಲೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳಿಗಳಿದ್ದರೆ ಡಿಟೊನೇಶನ್, ಅಂದರೆ ಮಿಶ್ರಣ ಹದ ತಪ್ಪಿ ಸಿಡಿದಿದೆ.

ಒಂದೇ ಕಡೆ ಹೋಗಿರುವುದು ಒಳ್ಳೆಯ ಸುಳಿವು. ಈ ಎಂಜಿನ್‌ನಲ್ಲಿ ಎಡಕ್ಕೆ ಮ್ಯಾಗ್ನೆಟ್, ಬಲಕ್ಕೆ ಕ್ಲಚ್. ಬಲಗಡೆಯ ಆಯಿಲ್ ಸೀಲ್ ಸೋತರೆ ಗೇರ್ ಎಣ್ಣೆ ಒಳಗೆ ಬಂದು ಬಿಳಿ ಹೊಗೆ ಬರುತ್ತದೆ, ಸವಾರನಿಗೇ ಗೊತ್ತಾಗುತ್ತದೆ. ಎಡ ಸೀಲ್ ಸೋತರೆ ಬರಿ ಗಾಳಿ ನುಗ್ಗುತ್ತದೆ, ಹೊಗೆ ಬರುವುದಿಲ್ಲ. ಮಿಶ್ರಣ ಲೀನ್ ಆಗಿ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಆ ಸಿಲಿಂಡರ್ ಕಾಯುತ್ತದೆ, ಅಷ್ಟೇ. ಜೊತೆಗೆ ಸಿಲಿಂಡರಿಗೊಂದರಂತೆ 26 ಮಿಲಿಮೀಟರ್‌ನ ಮಿಕುನಿ ಕಾರ್ಬುರೇಟರ್ ಇದೆ. ಎಡದ್ದರ ಮೇನ್ ಜೆಟ್‌ನಲ್ಲಿ (ಪೆಟ್ರೋಲ್ ಹಾಯುವ ಕಿರುತೂತು) ಕಸ ಸಿಕ್ಕಿದರೆ ಆ ಕಡೆ ಪೆಟ್ರೋಲೂ ಕಡಿಮೆ, ಅದಕ್ಕೆ ಬೆರೆಸಿದ ಎಣ್ಣೆಯೂ ಕಡಿಮೆ. ಇನ್‌ಟೇಕ್ ರಬ್ಬರನ್ನು ಮಡಿಸಿ ಬಿರುಕಿದೆಯೇ ನೋಡಿ.

ಈಗ ಚೂರುಗಳ ಲೆಕ್ಕ. ಬೇರಿಂಗ್‌ನ ಪುಡಿ ಟ್ರಾನ್ಸ್‌ಫರ್ ಪೋರ್ಟ್ (ಮಿಶ್ರಣ ಮೇಲೇರುವ ದಾರಿ) ಹತ್ತಿ ಸಿಲಿಂಡರಿಗೆ, ಅಲ್ಲಿಂದ ಎಕ್ಸ್‌ಪಾನ್ಶನ್ ಚೇಂಬರಿಗೆ (ಹೊಗೆಕೊಳವೆಯ ಉಬ್ಬಿದ ಭಾಗ) ಹೋಗಿರುತ್ತದೆ. ಈ ಚೇಂಬರನ್ನು ಯಾರೂ ತೊಳೆಯುವುದಿಲ್ಲ, ತಪ್ಪಾಗುವುದು ಅಲ್ಲೇ: ಚೇಂಬರಿನ ಕೆಲಸವೇ ಒತ್ತಡದ ಅಲೆಯನ್ನು ವಾಪಸ್ ಕಳಿಸುವುದು, ಆ ಅಲೆಯ ಜೊತೆ ಉಕ್ಕಿನ ಚೂರೂ ಹೊಸ ಪಿಸ್ಟನ್ ಮೇಲೆ ಬಂದು ಬೀಳಬಹುದು. ಎರಡೂ ಚೇಂಬರ್ ಕಳಚಿ ತಲೆಕೆಳಗೆ ಮಾಡಿ ಬಡಿಯಿರಿ, ಸೀಮೆಎಣ್ಣೆ ಹಾಕಿ ಕುಲುಕಿ ಸುರಿಯಿರಿ. ರೀಡ್ ಬಾಕ್ಸ್ (ಇನ್‌ಟೇಕ್‌ನ ಕವಾಟ) ಬಿಚ್ಚಿ ಎಸಳು ಮುರಿದಿದೆಯೇ ನೋಡಿ. ಕ್ರ್ಯಾಂಕ್‌ಕೇಸಿನಲ್ಲಿ ಮೇನ್ ಬೇರಿಂಗ್‌ಗೆ ಎಣ್ಣೆ ಇಳಿಯುವ ಕಿರುತೂತುಗಳಿಗೆ ಸಣ್ಣ ತಂತಿ ತೂರಿಸಿ, ಆಮೇಲೆ ಗಾಳಿ ಹೊಡೆಯಿರಿ. ತುಂಡಾದ ರಾಡ್ ಕೇಸಿಗೆ ಬಡಿದಿದ್ದರೆ ಬಿರುಕು ಗೇರ್‌ಬಾಕ್ಸ್ ಕಡೆಗೂ ಹೋಗಿರಬಹುದು. ಬಿರುಕನ್ನು ತೋರಿಸುವ ಬಣ್ಣ, ಡೈ ಪೆನೆಟ್ರಂಟ್, ಹಚ್ಚಿ ನೋಡದೆ ಆ ಕೇಸನ್ನು ನಂಬಬೇಡಿ.

ಪಿಸ್ಟನ್ ಎರಡೂ ಬದಲಾಯಿಸಿ. ಎಡ ಸಿಲಿಂಡರ್ ಗೀರಿದ್ದರೆ ಬೋರ್ ಮಾಡಿಸಲೇಬೇಕು (ಕೊರೆದು ಅಗಲಿಸಬೇಕು), ಆಗ ಬಲವನ್ನೂ ಅದೇ ಓವರ್‌ಸೈಜಿಗೆ ಒಯ್ಯುವುದು ಸರಿ. ಸಿಲಿಂಡರಿನ ಮೂಲ ವ್ಯಾಸ 64 ಮಿಲಿಮೀಟರ್, ಲೈನರ್ ಎರಕದ ಕಬ್ಬಿಣದ್ದು, ಸಾಮಾನ್ಯವಾಗಿ 0.25ರ ಹೆಜ್ಜೆಯಲ್ಲಿ ಮೇಲೇರಬಹುದು. ಮೊದಲು ಪಿಸ್ಟನ್ ತರಿಸಿ, ಅದನ್ನು ಅಳೆದು ಆಮೇಲೆ ಬೋರ್ ಮಾಡಿಸಿ. ಪಿಸ್ಟನ್‌ಗೂ ಸಿಲಿಂಡರಿಗೂ ಗ್ಯಾಪ್ ಎಷ್ಟೆಂಬುದು ಕಿಟ್ ಜೊತೆ ಬರುವ ಚೀಟಿಯಲ್ಲಿರುತ್ತದೆ. ಫೋರ್ಜ್ಡ್ ಪಿಸ್ಟನ್ ಎರಕದ್ದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಸ್ವಲ್ಪ ಹೆಚ್ಚು ಜಾಗ ಕೇಳುತ್ತದೆ. ಬೋರ್ ಆದ ಮೇಲೆ ಪೋರ್ಟ್ ಅಂಚುಗಳನ್ನು ಮೊಂಡು ಮಾಡಿಸದಿದ್ದರೆ ರಿಂಗ್ ಸಿಕ್ಕಿಕೊಳ್ಳುತ್ತದೆ.

ಹೊಸ ಕ್ರ್ಯಾಂಕ್ ಡಬ್ಬಿಯಿಂದ ತೆಗೆದ ಕೂಡಲೇ ಹಾಕಬೇಡಿ. ಡಯಲ್ ಗೇಜ್ ಇಟ್ಟು ತಿರುಗಿಸಿ: ರನ್‌ಔಟ್ (ತಿರುಗುವಾಗಿನ ಓಲಾಟ) 0.05 ಮಿಲಿಮೀಟರ್ ಮೀರಬಾರದು. ರೇಸ್ ಎಂಜಿನ್‌ಗೆ 0.02ರ ಆಸುಪಾಸು ಇರಲಿ. ಬಿಗ್ ಎಂಡ್ ಪಕ್ಕದ ಸಂದು ಫೀಲರ್ ಗೇಜಿನಲ್ಲಿ 0.25ರಿಂದ 0.75ರ ಒಳಗಿರಬೇಕು. ಸ್ಟ್ರೋಕನ್ನೂ (ಪಿಸ್ಟನ್ ಏರಿಳಿಯುವ ದೂರ) ಅಳೆಯಿರಿ. ಮೂಲ ಸ್ಟ್ರೋಕ್ 54. ಮಾರುಕಟ್ಟೆಯಲ್ಲಿ 58ರ ಸ್ಟ್ರೋಕರ್ ಕ್ರ್ಯಾಂಕೂ ಸಿಗುತ್ತದೆ, ಅದು ಬಂದರೆ ಪಿಸ್ಟನ್ 2 ಮಿಲಿಮೀಟರ್ ಮೇಲೇರಿ ಹೆಡ್‌ಗೆ ತಾಗೀತು.

ಕೂರಿಸುವಾಗ ಬೇರಿಂಗ್ ಹೊರಬಳೆಯ ಪಿನ್‌ಗಳು ಕೇಸಿನ ಗುಳಿಗಳಲ್ಲೇ ಕುಳಿತಿವೆಯೇ ನೋಡಿ. ಕುಳಿತಿರದಿದ್ದರೆ ಕೇಸ್ ಮುಚ್ಚುವುದಿಲ್ಲ, ಬೋಲ್ಟ್ ಬಿಗಿದು ಮುಚ್ಚಿಸಲು ಹೋದರೆ ಕೇಸೇ ಒಡೆಯುತ್ತದೆ. ಸೀಲ್ ತುಟಿಗೆ ಗ್ರೀಸ್, ಬಿಗ್ ಎಂಡ್‌ಗೆ 2ಟಿ (ಟೂ ಸ್ಟ್ರೋಕ್) ಎಣ್ಣೆ. ಕೇಸಿನ ಅಂಚಿಗೆ ಸೀಲಂಟ್ ತೆಳ್ಳಗೆ ಸಾಕು.

ಕಟ್ಟಿದ ಮೇಲೆ ಸ್ಕ್ವಿಶ್ (ಪಿಸ್ಟನ್ ತಲೆಗೂ ಹೆಡ್‌ಗೂ ನಡುವಿನ ಸಂದು) ನೋಡಿ. ಪ್ಲಗ್ ತೂತಿನಲ್ಲಿ ಸೋಲ್ಡರ್ ತಂತಿ ಇಳಿಸಿ, ಅದರ ತುದಿ ಸಿಲಿಂಡರ್ ಗೋಡೆಗೆ ತಾಗುವಂತೆ ಹಿಡಿದು ಕ್ರ್ಯಾಂಕ್ ತಿರುಗಿಸಿ. ಚಪ್ಪಟೆಯಾದ ತುದಿ 1.0ರಿಂದ 1.2 ಮಿಲಿಮೀಟರ್ ದಪ್ಪ ಇರಲಿ. ಕೊನೆಗೆ ಲೀಕ್ ಪರೀಕ್ಷೆ, ಇದನ್ನು ಮಾತ್ರ ಬಿಡಲೇಬೇಡಿ. ಇನ್‌ಟೇಕ್, ಎಕ್ಸಾಸ್ಟ್ ಮುಚ್ಚಿ 6 ಪಿಎಸ್‌ಐ ಗಾಳಿ ತುಂಬಿ. 6 ನಿಮಿಷ ನಿಲ್ಲಬೇಕು. ಮುಳ್ಳು ಇಳಿದರೆ ಸೋಪಿನ ನೀರು ಹಚ್ಚಿ. ಗುಳ್ಳೆ ಮ್ಯಾಗ್ನೆಟ್ ಹಿಂದೆ ಎದ್ದರೆ ಸೀಲ್ ಮತ್ತೆ ಕೂರಿಸಿ.

ಪ್ರಶ್ನೆ: ಕ್ರ್ಯಾಂಕ್ ಪಿನ್‌ಗೆ ವೆಲ್ಡ್ ಮಾಡಿಸಬೇಕು ಅನ್ನುತ್ತಾರೆ. ಅಗತ್ಯವೇ?

ಉತ್ತರ: ಈ ಕ್ರ್ಯಾಂಕ್‌ನ ತುಂಡುಗಳನ್ನು ಪ್ರೆಸ್‌ನಲ್ಲಿ ಒತ್ತಿ ಕೂಡಿಸಿರುತ್ತಾರೆ. ಮರಳಿಗೆ ಪ್ಯಾಡಲ್ ಟೈರ್ ಹಾಕಿ ಕ್ಲಚ್ ಹಠಾತ್ತನೆ ಬಿಟ್ಟಾಗ ಪಿನ್ ಕೂದಲೆಳೆಯಷ್ಟು ತಿರುಗಿಬಿಡುತ್ತದೆ. ಆಗ ಎರಡು ಸಿಲಿಂಡರ್‌ಗಳ ನಡುವಿನ 180 ಡಿಗ್ರಿ ತಪ್ಪಿ ಒಂದರ ಟೈಮಿಂಗ್ ಹಾಳಾಗುತ್ತದೆ, ಎಂಜಿನ್ ನಡುಗುತ್ತದೆ. ಡ್ರ್ಯಾಗ್ ಓಡಿಸುವ ಗಾಡಿಗೆ ಟಿಗ್ ವೆಲ್ಡ್ ಮಾಡಿಸುವುದೇ ಒಳ್ಳೆಯದು. ಟ್ರೂಯಿಂಗ್ (ಸೊಟ್ಟ ತೆಗೆದು ನೇರ ಮಾಡುವುದು) ಮೊದಲು, ವೆಲ್ಡ್ ಆಮೇಲೆ, ತಣಿದ ಮೇಲೆ ಮತ್ತೆ ಡಯಲ್ ಗೇಜ್. ಉದ್ದ ವೆಲ್ಡ್ ಬೇಡ, ಶಾಖಕ್ಕೆ ಸೊಟ್ಟಗಾಗುತ್ತದೆ. ಇಂಥ ಕ್ರ್ಯಾಂಕ್‌ಗೆ ಮುಂದೆ ರಾಡ್ ಬದಲಾಯಿಸಬೇಕಾದರೆ ವೆಲ್ಡ್ ಉಜ್ಜಿ ತೆಗೆಯಬೇಕು, ಕೆಲಸ ದುಬಾರಿ. ಹಾಗಾಗಿ ಸುಮ್ಮನೆ ಸುತ್ತಾಡುವ ಗಾಡಿಗೆ ಬೇಕಿಲ್ಲ.

ಪ್ರಶ್ನೆ: ಹೊಸ ಎಂಜಿನ್‌ಗೆ ಎಣ್ಣೆ ಎಷ್ಟು, ಜೆಟ್ ಯಾವುದು?

ಉತ್ತರ: ರೇಸಿಗೆ 32:1 ಸಾಮಾನ್ಯ: 5 ಲೀಟರ್ ಪೆಟ್ರೋಲಿಗೆ 156 ಮಿಲಿಲೀಟರ್ ಒಳ್ಳೆಯ 2ಟಿ ಎಣ್ಣೆ. ಮೊದಲ ಸಲ ಬೆಚ್ಚಗಾಗುವವರೆಗೆ ಓಡಿಸಿ ಪೂರ್ತಿ ತಣಿಸಿ, ಹೀಗೆ ಎರಡು ಮೂರು ಸಲ ಮಾಡಿ, ಹೆಡ್ ನಟ್ ಮತ್ತೆ ಟಾರ್ಕ್ ನೋಡಿ. ಜೆಟ್ ದೊಡ್ಡದರಿಂದ ಶುರುಮಾಡಿ ಒಂದೊಂದಾಗಿ ಇಳಿಯಿರಿ, ಫುಲ್ ಥ್ರಾಟಲ್‌ನಲ್ಲಿ ಕಿಲ್ ಸ್ವಿಚ್ ಒತ್ತಿ, ಪ್ಲಗ್ ಬಿಚ್ಚಿ ಬಣ್ಣ ನೋಡಿ. ಗಲ್ಫ್‌ನಲ್ಲಿ ರೇಸ್ ಸೀಸನ್ ಚಳಿಗಾಲದ್ದು. ಮಧ್ಯಾಹ್ನದ ಬಿಸಿಲಲ್ಲಿ ಸರಿಹೋದ ಜೆಟ್ ರಾತ್ರಿಯ ತಂಪು, ದಟ್ಟ ಗಾಳಿಗೆ ಲೀನ್ ಆಗುತ್ತದೆ. ರಾತ್ರಿ ಓಡಿಸುವುದಿದ್ದರೆ ರಾತ್ರಿಯೇ ಟ್ಯೂನ್ ಮಾಡಿ.

ಪ್ರಶ್ನೆ: ದಾವಣಗೆರೆಯಲ್ಲಿ ನನ್ನ ರಾಜದೂತ್ 350 ಇದೆ. ಈ ಮಾತೆಲ್ಲ ಅದಕ್ಕೂ ಅನ್ವಯಿಸುತ್ತದೆಯೇ?

ಉತ್ತರ: ಬಹುಪಾಲು. ಅದರದೂ ಬೋರ್, ಸ್ಟ್ರೋಕ್ 64 × 54, 347 ಸಿಸಿ. ಆದರೆ ರಾಜದೂತ್ ಏರ್‌ಕೂಲ್ಡ್, ಬ್ಯಾನ್‌ಶೀಗೆ ನೀರಿನ ಕೂಲಿಂಗ್. ಅಳತೆ ಒಂದೇ ಎಂದು ಬಿಡಿಭಾಗ ಅದಲುಬದಲು ಮಾಡಬೇಡಿ. ನಿಮ್ಮದರಲ್ಲಿ ಎಂಜಿನ್‌ಗೆ ಎಣ್ಣೆಯನ್ನು ತಾನೇ ಒದಗಿಸುವ ಆಟೋಲ್ಯೂಬ್ ಪಂಪ್ ಇದೆ. ಕ್ರ್ಯಾಂಕ್ ಹೋಗಿದ್ದರೆ ಮೊದಲು ಅದರ ಕೇಬಲ್ ಗುರುತು ಸರಿಯಿದೆಯೇ, ಎಣ್ಣೆ ಪೈಪಿನಲ್ಲಿ ಗಾಳಿಗುಳ್ಳೆ ಇದೆಯೇ ನೋಡಿ. ಹಿಂದಿನ ಮಾಲೀಕರು ಪಂಪ್ ತೆಗೆಸಿ, ಅದು ಗೊತ್ತಿಲ್ಲದೆ ನೀವು ಬರಿ ಪೆಟ್ರೋಲ್ ಹಾಕುತ್ತಿದ್ದರೆ ಬೇರೆ ಕಾರಣ ಹುಡುಕಬೇಕಿಲ್ಲ.