ಗೆರೆ ಎಳೆದರೂ ಪರದೆ ಖಾಲಿ ಏಕೆ?

ಪ್ರಶ್ನೆ: ಗ್ರಾಫಿಕ್ಸ್ ಲ್ಯಾಬಿಗಾಗಿ ಓಪನ್‌ಜಿಎಲ್ (ಚಿತ್ರ ಬರೆಯುವ ಆಜ್ಞೆಗಳ ಸಂಗ್ರಹ) ಬಳಸಿ ಬ್ರೆಸೆನ್‌ಹ್ಯಾಮ್ ವಿಧಾನದಲ್ಲಿ, ಅಂದರೆ ಚುಕ್ಕಿ ಚುಕ್ಕಿಯಾಗಿ, ಗೆರೆ ಎಳೆಯುವ ಪ್ರೋಗ್ರಾಂ ಬರೆದೆ. ಕಂಪೈಲ್ ಆಗುತ್ತದೆ, ವಿಂಡೋ ತೆರೆಯುತ್ತದೆ, ಗೆರೆ ಮಾತ್ರ ಕಾಣುವುದಿಲ್ಲ. ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ ಅದೇ ಪ್ರೋಗ್ರಾಂ ಸರಿಯಾಗಿದೆ. ಪ್ರತಿ ಚುಕ್ಕಿಯ ನಂತರ ಜಿಎಲ್‌ಫ್ಲಶ್ ಸೇರಿಸಿದ ಮೇಲೆ ಗೆರೆ ಬಂತು. ಇದು ಸರಿಯೇ, ಸರ್?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಮದ್ದು ಸರಿ, ಹಾಕಿದ ಜಾಗ ಸರಿಯಲ್ಲ.

ಜಿಎಲ್‌ವರ್ಟೆಕ್ಸ್ ಎಂದು ಬರೆದ ಕೂಡಲೇ ಪರದೆಯ ಮೇಲೆ ಚುಕ್ಕಿ ಮೂಡಬೇಕೆಂದಿಲ್ಲ. ಗ್ರಾಫಿಕ್ಸ್ ಚಿಪ್ ನಡೆಸುವ ತಂತ್ರಾಂಶವಾದ ಡ್ರೈವರ್ ನಿಮ್ಮ ಆಜ್ಞೆಗಳನ್ನು ಬಫರ್‌ನಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲಿ, ಕೂಡಿಹಾಕಿ, ಒಟ್ಟಿಗೆ ಗ್ರಾಫಿಕ್ಸ್ ಚಿಪ್‌ಗೆ ಕಳುಹಿಸುತ್ತದೆ. ಯಾವಾಗ ಕಳುಹಿಸಬೇಕೆಂಬುದು ಆಯಾ ಡ್ರೈವರ್‌ಗೆ ಬಿಟ್ಟದ್ದು. ಗೆಳತಿಯ ಯಂತ್ರದಲ್ಲಿ ಬಫರ್ ತಾನಾಗಿ ಖಾಲಿಯಾಗಿರಬೇಕು, ನಿಮ್ಮದರಲ್ಲಿ ಕಾದು ಕುಳಿತಿದೆ. ಕೂಡಿಟ್ಟದ್ದನ್ನು ಈಗಲೇ ಕಳುಹಿಸು ಎನ್ನುವ ಆಜ್ಞೆಯೇ ಜಿಎಲ್‌ಫ್ಲಶ್.

ಒಂದೊಂದು ಚುಕ್ಕಿಗೂ ಫ್ಲಶ್ ಮಾಡಿದರೆ ಕೂಡಿಹಾಕುವುದರಿಂದ ಸಿಗುವ ವೇಗವನ್ನೆಲ್ಲ ಕೈಯಾರೆ ಕಳೆದುಕೊಳ್ಳುತ್ತೀರಿ. ಚಿತ್ರ ಬರೆಯುವ ಡಿಸ್‌ಪ್ಲೇ ಫಂಕ್ಷನ್‌ನ ಕೊನೆಯ ಸಾಲಿನಲ್ಲಿ ಒಮ್ಮೆ ಬರೆದರೆ ಸಾಕು. ಚುಕ್ಕಿಗಳ ಪಟ್ಟಿಯ ಆರಂಭ, ಅಂತ್ಯ ಸೂಚಿಸುವ ಜಿಎಲ್‌ಬಿಗಿನ್ ಮತ್ತು ಜಿಎಲ್‌ಎಂಡ್ ನಡುವೆಯಂತೂ ಬರೆಯಲೇಬೇಡಿ. ಅಲ್ಲಿ ಓಪನ್‌ಜಿಎಲ್ ಅದನ್ನು ದೋಷವೆಂದೇ ಎಣಿಸುತ್ತದೆ.

ನಾನು ಚಿಕ್ಕಮಗಳೂರಿನಲ್ಲಿ ಇದೇ ಪಾಠ ಮಾಡುವವನು. ವೈವಾದಲ್ಲಿ ತಪ್ಪದೆ ಕೇಳುವುದು ಜಿಎಲ್‌ಫ್ಲಶ್‌ಗೂ ಜಿಎಲ್‌ಫಿನಿಶ್‌ಗೂ ಏನು ವ್ಯತ್ಯಾಸ ಎಂದು. ಕಾಫಿ ಮೂಟೆ ತುಂಬಿದ ಲಾರಿಯನ್ನು ಕ್ಯೂರಿಂಗ್ ವರ್ಕ್ಸ್‌ಗೆ ಹೊರಡಿಸಿ ತೋಟದ ಕೆಲಸಕ್ಕೆ ಮರಳಿದರೆ ಅದು ಫ್ಲಶ್. ಸಂಸ್ಕರಣೆ ಮುಗಿಯುವ ತನಕ ಅಲ್ಲಿಯೇ ಕಾದು ನಿಂತರೆ ಫಿನಿಶ್. ಚಿತ್ರ ಬರೆಯಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುವಾಗ ಫಿನಿಶ್ ಉಪಯೋಗಕ್ಕೆ ಬರುತ್ತದೆ, ದಿನನಿತ್ಯದ ಪ್ರೋಗ್ರಾಂಗೆ ಬೇಡ.

ಮುಂದೆ ತಿರುಗುವ ಬಣ್ಣದ ಘನ ಬರೆಯುವಾಗ ವಿಂಡೋ ತೆರೆದುಕೊಡುವ ಗ್ಲಟ್‌ ಲೈಬ್ರರಿಯಲ್ಲಿ ಸಿಂಗಲ್ ಬದಲು ಡಬಲ್ ಬಫರ್ ಕೇಳುತ್ತೀರಿ. ಇಲ್ಲಿ ಬಫರ್ ಎಂದರೆ ಆಜ್ಞೆಗಳದ್ದಲ್ಲ, ಚಿತ್ರವನ್ನೇ ಇಡುವ ಜಾಗ. ಆಗ ಚಿತ್ರ ಸಿದ್ಧವಾಗುವುದು ಹಿಂದಿನ ಬಫರ್‌ನಲ್ಲಿ. ಅದನ್ನು ಮುಂದೆ ತರುವುದು ಗ್ಲಟ್‌ಸ್ವಾಪ್‌ಬಫರ್ಸ್. ಫ್ಲಶ್ ಅದರೊಳಗೇ ಅಡಕವಾಗಿದೆ. ಡಬಲ್ ಕೇಳಿ ಬರೀ ಜಿಎಲ್‌ಫ್ಲಶ್ ಬರೆದರೆ ಮತ್ತೆ ಖಾಲಿ ವಿಂಡೋವನ್ನೇ ನೋಡುತ್ತೀರಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ದೋಷ ಹುಡುಕಲು ಅಲ್ಲಲ್ಲಿ ಅಕ್ಷರ ಮುದ್ರಿಸುವ ಪ್ರಿಂಟ್‌ಎಫ್ ಹಾಕುತ್ತೀರಲ್ಲ, ಅದಕ್ಕೆ ಬೇರೆಯೇ ಬಫರ್ ಇದೆ. ಹೊಸ ಸಾಲಿನ ಗುರುತು ಹಾಕದಿದ್ದರೆ ಬರೆದದ್ದು ಟರ್ಮಿನಲ್‌ಗೆ ಬಾರದೆ ಉಳಿಯಬಹುದು. ಅಷ್ಟರಲ್ಲಿ ಪ್ರೋಗ್ರಾಂ ಕುಸಿದರೆ ಆ ಸಾಲು ಹೋದಂತೆಯೇ, ದೋಷ ಇನ್ನೂ ಮೇಲಿನ ಸಾಲಿನಲ್ಲಿದೆ ಎಂದು ನೀವು ತಪ್ಪು ಕಡೆ ಹುಡುಕುತ್ತೀರಿ. ಜಿಎಲ್‌ಫ್ಲಶ್ ಇದನ್ನು ಮುಟ್ಟುವುದಿಲ್ಲ. ಆ ಬಫರ್ ಖಾಲಿ ಮಾಡುವ ಎಫ್‌ಫ್ಲಶ್ ಬಳಸಿ, ಇಲ್ಲವೇ ಬರೆದದ್ದನ್ನು ಕೂಡಿಡದೆ ಕೂಡಲೇ ತೋರಿಸುವ ಎಸ್‌ಟಿಡಿಎರರ್‌ಗೆ ಮುದ್ರಿಸಿ.