ಇಂಗ್ಲೆಂಡಿನ ಹಳ್ಳಿ ಬೀದಿಗಳು ನಿಜಕ್ಕೂ ಬದಲಾಗಿಲ್ಲವೇ?

ಫೋಟೋಗಳಲ್ಲಿ ಇಂಗ್ಲೆಂಡಿನ ಹಳ್ಳಿ ಬೀದಿಗಳು ಮುನ್ನೂರು ವರ್ಷದಿಂದ ಹಾಗೇ ಇದ್ದಂತೆ ಕಾಣುತ್ತವೆ, ಇದು ನಿಜವೇ ಎಂದು ಕೇಳಿದ್ದೀರಿ. ಗೋಡೆ, ಚಾವಣಿಗಳ ಮಟ್ಟಿಗೆ ಎಷ್ಟೋ ಕಡೆ ನಿಜ. ಆದರೆ ಬೀದಿಯಲ್ಲಿ ನಡೆಯುತ್ತಿದ್ದ ಬದುಕು ಪೂರ್ತಿ ಬೇರೆಯಾಗಿದೆ. ನಾನಿರುವುದು ಇಂಗ್ಲೆಂಡಿನ ನೈಋತ್ಯ ಭಾಗದ ವಿಲ್ಟ್‌ಶೈರ್ ಜಿಲ್ಲೆಯಲ್ಲಿ. ಇಲ್ಲಿನ ಲೇಕಾಕ್ ಹಳ್ಳಿಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಲೇಕಾಕ್ ಅಂದರೆ ಚೌಕಾಕಾರದಲ್ಲಿ ನಾಲ್ಕು ಬೀದಿ, ಅಷ್ಟೇ. 13ನೇ ಶತಮಾನದಲ್ಲಿ ಎಲಾ ಎಂಬ ಶ್ರೀಮಂತ ಮಹಿಳೆ ಇಲ್ಲಿ ಸನ್ಯಾಸಿನಿಯರ ಮಠ ಕಟ್ಟಿಸಿದರು. ಆಮೇಲೆ ಊರು ಬೆಳೆದದ್ದು ಉಣ್ಣೆಯ ದುಡ್ಡಿನಿಂದ. ಉಗಿಯಂತ್ರದ ಗಿರಣಿಗಳು ಬಂದ ಮೇಲೆ ಆ ವ್ಯಾಪಾರ ಉತ್ತರದ ಯಾರ್ಕ್‌ಷೈರ್ ಕಡೆ ಹೋಯಿತು. ಈ ಭಾಗದ ಎಷ್ಟೋ ಊರುಗಳಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟಲು ಕೈಯಲ್ಲಿ ಕಾಸಿರಲಿಲ್ಲ. ನಾವು ಈಗ ಮೆಚ್ಚುವ ಅಂದದ ಹಿಂದೆ ಬಡತನವೂ ಇದೆ, ಇದನ್ನು ಮರೆಯಬಾರದು.

ಲೇಕಾಕ್‌ನ ಮಟ್ಟಿಗೆ ಇನ್ನೊಂದು ಕಾರಣ ಇದೆ. ಊರಿನ ಹೆಚ್ಚುಕಮ್ಮಿ ಎಲ್ಲ ಮನೆಗಳೂ ಟಾಲ್ಬಟ್ ಎಂಬ ಒಂದೇ ಕುಟುಂಬಕ್ಕೆ ಸೇರಿದ್ದವು. 1835ರಲ್ಲಿ ಮಠದ ಕಿಟಕಿಯೊಂದರ ನೆಗೆಟಿವ್ ತೆಗೆದು ಛಾಯಾಗ್ರಹಣದ ಇತಿಹಾಸ ಸೇರಿದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಇದೇ ಮನೆತನದವರು. ಅವರ ಮೊಮ್ಮಗಳು ಮಟಿಲ್ಡಾ 1944ರಲ್ಲಿ ಮಠವನ್ನೂ ಹಳ್ಳಿಯನ್ನೂ ಹಳೇ ಕಟ್ಟಡ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಗೆ ಬಿಟ್ಟುಕೊಟ್ಟರು. ಈಗ ಬಹುತೇಕ ಮನೆಗಳಿಗೆ ಟ್ರಸ್ಟ್ ಮಾಲೀಕ, ಜನ ಬಾಡಿಗೆಗೆ ಇದ್ದಾರೆ. ತಲೆಯ ಮೇಲೆ ವಿದ್ಯುತ್ ತಂತಿ ಕಾಣದು, ಚಾವಣಿಯ ಮೇಲೆ ಟಿವಿ ಆಂಟೆನಾ ಕಾಣದು. ಹಳೇ ಕಾಲದ ಕಥೆ ಚಿತ್ರೀಕರಿಸುವವರು ಟಾರು ರಸ್ತೆಯ ಮೇಲೆ ಮಣ್ಣು ಹರಡಿದರೆ ಮುಗಿಯಿತು, 19ನೇ ಶತಮಾನ ಸಿದ್ಧ.

ಆದರೆ ರೈಲು ನಿಲ್ದಾಣ 1966ರಲ್ಲೇ ಮುಚ್ಚಿತು. ಕಾರಿಲ್ಲದೆ ದಿನ ಕಳೆಯುವುದು ಕಷ್ಟ. ಬೇಸಿಗೆಯ ಮಧ್ಯಾಹ್ನ ಬೀದಿ ತುಂಬಾ ಪ್ರವಾಸಿಗರು, ಸಂಜೆಯಾದರೆ ಖಾಲಿ.

ಟ್ರಸ್ಟಿನ ಕೈಯಲ್ಲಿ ಇಲ್ಲದ ಹಳ್ಳಿಗಳ ಬದಲಾವಣೆ ತಿಳಿಯಲು ಮನೆಗಳ ಹೆಸರು ಓದಿದರೆ ಸಾಕು. ಓಲ್ಡ್ ಫೋರ್ಜ್ ಅಂತಿದ್ದರೆ ಅಲ್ಲಿ ಕುಲುಮೆ ಇತ್ತು. ಓಲ್ಡ್ ಬೇಕರಿ, ಓಲ್ಡ್ ಸ್ಕೂಲ್ ಹೌಸ್, ಓಲ್ಡ್ ಪೋಸ್ಟ್ ಆಫೀಸ್ ಎಲ್ಲವೂ ಹೀಗೇ. ಈಗ ಅವೆಲ್ಲ ವಾಸದ ಮನೆಗಳು, ಎಷ್ಟೋ ಕಡೆ ನಗರದವರು ರಜೆಗೆ ಮಾತ್ರ ಬರುವ ಮನೆಗಳು. 2007ರಿಂದ 2009ರ ನಡುವೆ ದೇಶದಲ್ಲಿ ಸುಮಾರು 2,500 ಅಂಚೆ ಕಚೇರಿಗಳನ್ನು ಮುಚ್ಚಿದರು. ಹಳ್ಳಿಯ ಮುದುಕರಿಗೆ ಅದು ಬರೀ ಸ್ಟ್ಯಾಂಪ್ ಕೊಳ್ಳುವ ಜಾಗ ಆಗಿರಲಿಲ್ಲ. ಪಿಂಚಣಿ ತೆಗೆದುಕೊಂಡು ನಾಲ್ಕು ಮಾತಾಡುವ ಕಟ್ಟೆ ಅದು. ನನಗೆ ಜಾಸ್ತಿ ಬೇಸರ ತರುವುದು ಇದೇ. 1980ರ ವಸತಿ ಕಾಯ್ದೆ ಬಂದ ಮೇಲೆ ಕೌನ್ಸಿಲ್ ಮನೆಗಳೂ, ಅಂದರೆ ಸ್ಥಳೀಯ ಆಡಳಿತ ಕಡಿಮೆ ಬಾಡಿಗೆಗೆ ಕೊಡುತ್ತಿದ್ದ ಮನೆಗಳೂ, ಬಾಡಿಗೆದಾರರಿಗೇ ಮಾರಾಟವಾದವು. ಅವರ ಮಟ್ಟಿಗೆ ಅದು ಒಳ್ಳೆಯದೇ. ಆದರೆ ಎಷ್ಟೋ ಹಳ್ಳಿಗಳಲ್ಲಿ ಅಲ್ಲೇ ಹುಟ್ಟಿದ ಹುಡುಗ ಹುಡುಗಿಯರಿಗೆ ಇವತ್ತು ಕೈಗೆಟುಕುವ ಮನೆ ಸಿಗುವುದಿಲ್ಲ.

ಹಾಗಂತ ಜನ ಸುಮ್ನೆ ಕೂತಿಲ್ಲ. ಕೆಂಪು ಟೆಲಿಫೋನ್ ಬೂತ್‌ಗಳನ್ನು ಒಂದು ಪೌಂಡಿಗೆ ಕೊಂಡು, ಕೆಲವು ಕಡೆ ಪುಟ್ಟ ಗ್ರಂಥಾಲಯ ಮಾಡಿದ್ದಾರೆ, ಕೆಲವು ಕಡೆ ಹೃದಯ ನಿಂತವರಿಗೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಇಟ್ಟಿದ್ದಾರೆ. ಮುಚ್ಚುವ ಹಂತದಲ್ಲಿದ್ದ ಅಂಗಡಿ, ಪಬ್‌ಗಳನ್ನು ಊರವರೇ ಷೇರು ಹಾಕಿ ಕೊಂಡ ಉದಾಹರಣೆಗಳೂ ಬಹಳ ಇವೆ. ಅಂಥ ಅಂಗಡಿಗಳಲ್ಲಿ ಎಷ್ಟೋ ಕಡೆ ಗಲ್ಲಾ ನೋಡಿಕೊಳ್ಳುವವರೂ ಸಂಬಳವಿಲ್ಲದೆ ಸರದಿಯ ಮೇಲೆ ಬರುವ ಊರವರೇ. ಇಂಗ್ಲೆಂಡಿಗೆ ಬಂದಾಗ ಲೇಕಾಕ್ ನೋಡಿ, ಜೊತೆಗೆ ಇಂಥ ಅಂಗಡಿ ಇರುವ ಒಂದು ಸಾದಾ ಹಳ್ಳಿಗೂ ಹೋಗಿ ಬನ್ನಿ.