ಮೀನಿನ ತೊಟ್ಟಿಗೆ ಕಂಡೀಷನರ್ ಬೇಕಾ?

ಬೆಂಗಳೂರಿನ ನಿಮ್ಮ ಮನೆಗೆ ಕಾವೇರಿ ನೀರೂ ಬರುತ್ತದೆ, ಬೋರ್‌ವೆಲ್ಲೂ ಇದೆ, ಗೋಲ್ಡ್‌ಫಿಶ್ ತೊಟ್ಟಿಗೆ ಕಂಡೀಷನರ್ (ನೀರಿನ ಕ್ಲೋರಿನ್ ತೆಗೆಯುವ ದ್ರಾವಣ) ಹಾಕಲೇಬೇಕಾ ಅಂತ ಕೇಳಿದ್ದೀರಿ.

ಕಾವೇರಿ ನೀರನ್ನು ನಲ್ಲಿಯಿಂದ ನೇರವಾಗಿ ಹಾಕುವುದಾದರೆ ಬೇಕು. ಅದರಲ್ಲಿ ಕ್ಲೋರಿನ್ ಇರುತ್ತದೆ. ಕ್ಲೋರಿನ್ ಕಿವಿರುಗಳನ್ನು ಸುಡುತ್ತದೆ, ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಅಷ್ಟೇ ಅಲ್ಲ, ಫಿಲ್ಟರ್ ಸ್ಪಂಜಿನಲ್ಲಿ ಬೆಳೆದ ಒಳ್ಳೆಯ ಬ್ಯಾಕ್ಟೀರಿಯಾನೂ ಸಾಯಬಹುದು. ಆಗ ಮೀನಿನ ಗಲೀಜಿನಿಂದ ಬರುವ ಅಮೋನಿಯಾ ತೊಟ್ಟಿಯಲ್ಲೇ ಉಳಿಯುತ್ತದೆ. ನೀರು ಬದಲಾಯಿಸಿ ಎರಡು ದಿನ ಚೆನ್ನಾಗಿದ್ದು ಆಮೇಲೆ ಮೀನು ಸತ್ತರೆ ಮೊದಲು ಇದನ್ನೇ ಅನುಮಾನಿಸಿ. ದುಬಾರಿ ಬಾಟಲಿ ಬೇಡ, ಮೀನಿನ ಅಂಗಡಿಯಲ್ಲಿ ಸಿಗುವ ಸಾದಾ ಆಂಟಿ ಕ್ಲೋರಿನ್ ಸಾಕು. ಬಕೆಟ್ಟಿನ ನೀರಿಗೇ ಹಾಕಿ ಕಲಸಿ, ಆಮೇಲೆ ತೊಟ್ಟಿಗೆ ಸುರಿಯಿರಿ.

ಒಂದು ದಿನ ಕಾಯೋದಾದರೆ ಅದೂ ಬೇಡ. ಮುಚ್ಚಳ ಹಾಕದೆ ಬಕೆಟ್ಟಿನಲ್ಲಿ 24 ಗಂಟೆ ಇಡಿ, ಏರ್ ಪಂಪ್ ಬಿಟ್ಟರೆ ಇನ್ನೂ ಬೇಗ, ಕ್ಲೋರಿನ್ ಗಾಳಿಗೆ ಹೋಗುತ್ತದೆ. ಅಮೆರಿಕದ ಹಲವು ಊರುಗಳ ನಲ್ಲಿ ನೀರಿನಲ್ಲಿರುವ ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ್ದು) ಮಾತ್ರ ಹೀಗೆ ಹೋಗುವುದಿಲ್ಲ.

ಬರೀ ಬೋರ್ ನೀರಿನಲ್ಲಿ ಕ್ಲೋರಿನ್ ಇರಲ್ಲ, ಅದಕ್ಕೆ ಕಂಡೀಷನರ್ ಹಾಕುವುದು ಸುಮ್ನೆ ದುಡ್ಡು ದಂಡ. ಕಂಡೀಷನರ್‌ನಿಂದ ನೀರಿನ ಗಡಸುತನವೂ ಕಮ್ಮಿ ಆಗಲ್ಲ. ಆದರೆ ಎರಡು ನೀರೂ ಒಂದೇ ಸಂಪಿಗೆ ಬೀಳುತ್ತವಾ, ನೋಡಿಕೊಳ್ಳಿ; ಬಿದ್ದರೆ ಅದನ್ನೂ ಕಾವೇರಿ ನೀರು ಅಂತಲೇ ಲೆಕ್ಕ ಹಾಕಿ. ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನವಂತೂ ತೊಟ್ಟಿಯ ನೀರು ಬದಲಾಯಿಸಲೇಬೇಡಿ.